ಎರೆಹೊಲದ ಇಂಗಾಲಕ್ಕೆ ಲೆಕ್ಕ ಬರೆಯುವವರು ಯಾರು?

ಮೇ ತಿಂಗಳ ಮಧ್ಯಾಹ್ನ ವಿಜಯಪುರ ಜಿಲ್ಲೆಯ ಯಾವುದೇ ಎರೆಹೊಲದಲ್ಲಿ ನಿಂತು ನೋಡಿ. ನೆಲ ಬಾಯಿಬಿಟ್ಟುಕೊಂಡಿರುತ್ತದೆ. ಕೆಲವು ಬಿರುಕುಗಳಲ್ಲಿ ಮೊಣಕೈವರೆಗೆ ಕೈ ಇಳಿಸಬಹುದು. ಹಿಂಗಾರಿ ಜೋಳ ಕಟಾವಾಗಿ ಮೂರು ತಿಂಗಳಾಗಿದೆ. ತೆನೆ ಕಣಕ್ಕೆ ಹೋಯಿತು, ಕಣಿಕೆ ಬಣವೆಗೆ ಹೋಯಿತು, ಉಳಿದ ಕೂಳೆಯನ್ನು ದನಗಳು ಮೇಯ್ದಿವೆ. ಹೊಲದಲ್ಲಿ ಕಣ್ಣಿಗೆ ಕಾಣುವಂಥದ್ದು ಏನೂ ಉಳಿದಿಲ್ಲ. ಈಗ ಯಾರಾದರೂ ಬಂದು, ‘ಈ ಹೊಲದ ಮೇಲಿನ ಒಂದಡಿ ಮಣ್ಣಿನಲ್ಲಿ ಎಷ್ಟು ಇಂಗಾಲವಿದೆ? ಇನ್ನು ಇಪ್ಪತ್ತು ವರ್ಷಕ್ಕೆ ಎಷ್ಟಿರುತ್ತದೆ?’ ಎಂದು ಕೇಳಿದರೆ ಹೊಲದ ಒಡೆಯ ನಕ್ಕಾನು.

ಆದರೆ ಇದು ನಗುವ ಪ್ರಶ್ನೆಯಾಗಿ ಉಳಿದಿಲ್ಲ. 2015ರ ಪ್ಯಾರಿಸ್ ಹವಾಮಾನ ಸಮ್ಮೇಳನದ ಹೊತ್ತಿಗೆ ಫ್ರಾನ್ಸ್ ದೇಶವು ‘ಸಾವಿರಕ್ಕೆ ನಾಲ್ಕು’ ಎಂಬ ಹೆಸರಿನ ಕಾರ್ಯಕ್ರಮವೊಂದನ್ನು ಜಗತ್ತಿನ ಮುಂದಿಟ್ಟಿತು. ಮಣ್ಣಿನಲ್ಲಿರುವ ಇಂಗಾಲವನ್ನು ವರ್ಷಕ್ಕೆ ಸಾವಿರಕ್ಕೆ ನಾಲ್ಕರಷ್ಟು ಹೆಚ್ಚಿಸುತ್ತ ಹೋದರೆ ಗಾಳಿಗೆ ಸೇರುತ್ತಿರುವ ಇಂಗಾಲದ ದೊಡ್ಡ ಪಾಲನ್ನು ನೆಲದಲ್ಲೇ ಹಿಡಿದಿಡಬಹುದು ಎಂಬುದು ಅದರ ಹಿಂದಿನ ವಿಚಾರ. ಭಾರತ ಸರ್ಕಾರವು 2023ರಲ್ಲಿ ಇಂಗಾಲದ ಸಾಲಪತ್ರಗಳ ವ್ಯಾಪಾರಕ್ಕೆ ನಿಯಮ ರೂಪಿಸಿತು. 2024ರ ಜನವರಿಯಲ್ಲಿ ಕೃಷಿ ಕ್ಷೇತ್ರದ ಸ್ವಯಂಪ್ರೇರಿತ ಇಂಗಾಲ ಮಾರುಕಟ್ಟೆಗೆ ಚೌಕಟ್ಟೊಂದನ್ನು ಪ್ರಕಟಿಸಿತು. ಅಂದರೆ ಹೊಲದಲ್ಲಿ ಇಂಗಾಲ ಕೂಡಿಸಿದ ರೈತನಿಗೆ ಹಣ ಸಿಗುವ ದಾರಿ ತೆರೆಯುತ್ತಿದೆ. ಹಣದ ಮಾತು ಬಂದೊಡನೆ ತೂಕದ ಮಾತು ಬರುತ್ತದೆ. ಜೋಳವನ್ನು ತೂಗಲು ತಕ್ಕಡಿ ಇದೆ. ಇಂಗಾಲವನ್ನು ತೂಗುವುದು ಯಾವುದರಿಂದ?

ಮಣ್ಣಿನ ಒಂದೊಂದು ಮೂಲೆಯನ್ನೂ ವರ್ಷ ವರ್ಷ ಅಗೆದು ಪರೀಕ್ಷಿಸುವುದು ಆಗದ ಮಾತು. ಹಾಗಾಗಿ ಈ ಲೆಕ್ಕದ ಬಹುಪಾಲು ಕೆಲಸವನ್ನು ಗಣಿತದ ಮಾದರಿಗಳು, ಅಂದರೆ ಕಂಪ್ಯೂಟರಿನಲ್ಲಿ ಓಡುವ ಸಮೀಕರಣಗಳು ಮಾಡುತ್ತವೆ. ಈ ಮಾದರಿಗಳು ಕೊಡುವ ಉತ್ತರ ಎಷ್ಟು ಗಟ್ಟಿ? ನಮ್ಮ ಒಣಭೂಮಿಯ ವಿಷಯದಲ್ಲಿ ಅದು ಏಕೆ ಅಲುಗಾಡುತ್ತದೆ? ಇದನ್ನು ಸ್ವಲ್ಪ ವಿವರವಾಗಿ ನೋಡೋಣ.

ಮೊದಲು ತಕ್ಕಡಿಯ ಮಾತು

ಗಿಡ ಗಾಳಿಯಿಂದ ಇಂಗಾಲವನ್ನು ಹೀರಿ ಬೇರು, ಕಾಂಡ, ಎಲೆಗಳನ್ನು ಕಟ್ಟಿಕೊಳ್ಳುತ್ತದೆ. ಇವು ಸತ್ತು ಮಣ್ಣಿಗೆ ಬಿದ್ದಾಗ ಸೂಕ್ಷ್ಮಜೀವಿಗಳು ತಿನ್ನುತ್ತವೆ. ತಿಂದುದರಲ್ಲಿ ಹೆಚ್ಚಿನ ಪಾಲು ಉಸಿರಾಗಿ ಮತ್ತೆ ಗಾಳಿಗೆ ಹೋಗುತ್ತದೆ. ಸ್ವಲ್ಪ ಭಾಗ ಮಣ್ಣಿನ ಕಣಗಳಿಗೆ ಅಂಟಿ ವರ್ಷಗಟ್ಟಲೆ ಉಳಿಯುತ್ತದೆ. ಹೀಗೆ ಉಳಿದುದೇ ಸಾವಯವ ಇಂಗಾಲ. ಮಣ್ಣಿಗೆ ಹದ, ನೀರು ಹಿಡಿಯುವ ಶಕ್ತಿ, ಸಾರಜನಕ ಒದಗಿಸುವ ಗುಣ ಬರುವುದು ಬಹುಮಟ್ಟಿಗೆ ಇದರಿಂದ.

ರೈತರ ಕೈಗೆ ಬರುವ ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಈ ಅಂಶ ಶೇಕಡಾ 0.5ಕ್ಕಿಂತ ಕಡಿಮೆ ಇದ್ದರೆ ‘ಕಡಿಮೆ’, 0.75ಕ್ಕಿಂತ ಹೆಚ್ಚಿದ್ದರೆ ‘ಹೆಚ್ಚು’, ನಡುವಿನದು ‘ಮಧ್ಯಮ’ ಎಂದು ನಮೂದಾಗಿರುತ್ತದೆ. ನಮ್ಮ ಬೆಳವಲದ ಹಲವು ಹೊಲಗಳು ಅರ್ಧ ಶೇಕಡಾದ ಆಸುಪಾಸಿನಲ್ಲಿರುವಂಥವು. ಈ ಶೇಕಡಾವನ್ನು ಟನ್ನಿಗೆ ಪರಿವರ್ತಿಸಿ ನೋಡಿ. ಒಂದೆಕರೆ ಹೊಲದ ಮೇಲಿನ ಒಂದಡಿ ಮಣ್ಣಿನ ಗಾತ್ರ ಸುಮಾರು 1,233 ಘನ ಮೀಟರ್. ಒಂದು ಘನ ಮೀಟರ್ ಮಣ್ಣು 1.3 ಟನ್ ತೂಗುತ್ತದೆಂದರೆ ಒಟ್ಟು ಸುಮಾರು 1,600 ಟನ್ ಮಣ್ಣಾಯಿತು. ಅದರ ಅರ್ಧ ಶೇಕಡಾ ಎಂದರೆ ಸುಮಾರು ಎಂಟು ಟನ್ ಇಂಗಾಲ. ‘ಸಾವಿರಕ್ಕೆ ನಾಲ್ಕು’ ಎಂಬ ಗುರಿಯಂತೆ ಇಲ್ಲಿ ವರ್ಷಕ್ಕೆ ಕೂಡಬೇಕಾದದ್ದು ಸುಮಾರು 32 ಕಿಲೊ.

ಲೆಕ್ಕ ಸರಳವಾಗಿ ಕಾಣುತ್ತದೆ. ಆದರೆ ಮಣ್ಣು 1.3 ಟನ್ ತೂಗುತ್ತದೆ ಎಂದೆವಲ್ಲ, ಮೊದಲ ತೊಡಕು ಅಲ್ಲೇ ಇದೆ. ಎರೆಮಣ್ಣು ಒದ್ದೆಯಾದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಭಾದ್ರಪದದಲ್ಲಿ ಅಗೆದ ಒಂದಡಿ ಮಣ್ಣಿಗೂ ವೈಶಾಖದಲ್ಲಿ ಅಗೆದ ಒಂದಡಿ ಮಣ್ಣಿಗೂ ತೂಕ ಒಂದೇ ಅಲ್ಲ. 1.3ರ ಬದಲು 1.5 ಎಂದು ಹಿಡಿದರೆ ಅದೇ ಹೊಲದ ಇಂಗಾಲ ಒಮ್ಮೆಗೇ 9 ಟನ್ ದಾಟುತ್ತದೆ. ಹೊಲಕ್ಕೆ ಒಂದು ಹಿಡಿ ಗೊಬ್ಬರವೂ ಬಿದ್ದಿಲ್ಲ. ಕಾಗದದ ಮೇಲೆ ಮಾತ್ರ ಒಂದು ಟನ್ನಿಗೂ ಮಿಕ್ಕಿ ಇಂಗಾಲ ಬೆಳೆಯಿತು.

ಎರಡನೆಯ ತೊಡಕು ಪ್ರಯೋಗಶಾಲೆಯದು. ನಮ್ಮ ದೇಶದ ಮಣ್ಣು ಪರೀಕ್ಷಾ ಕೇಂದ್ರಗಳಲ್ಲಿ ಬಹುಕಾಲದಿಂದ ನಡೆದುಬಂದ ವಿಧಾನವನ್ನು 1934ರಲ್ಲಿ ವಾಕ್ಲಿ ಮತ್ತು ಬ್ಲ್ಯಾಕ್ ಎಂಬ ವಿಜ್ಞಾನಿಗಳು ಪ್ರಕಟಿಸಿದರು. ಮಣ್ಣಿಗೆ ಪೊಟ್ಯಾಸಿಯಂ ಡೈಕ್ರೋಮೇಟ್ ಮತ್ತು ಗಂಧಕಾಮ್ಲವನ್ನು ಸೇರಿಸಿ, ಆಗ ಹುಟ್ಟುವ ಶಾಖದಲ್ಲಿ ಸಾವಯವ ಇಂಗಾಲವನ್ನು ಉತ್ಕರ್ಷಿಸುವುದು ಇದರ ಕ್ರಮ. ಅಗ್ಗದ, ಜಾಣ ವಿಧಾನ. ಆದರೆ ಎಲ್ಲ ಇಂಗಾಲವೂ ಈ ಶಾಖಕ್ಕೆ ಕರಗುವುದಿಲ್ಲ. ಸರಾಸರಿ ಮುಕ್ಕಾಲು ಪಾಲು ಮಾತ್ರ ಸಿಕ್ಕುತ್ತದೆ. ಉಳಿದುದಕ್ಕಾಗಿ ಬಂದ ಉತ್ತರವನ್ನು ಸುಮಾರು 1.3ರಿಂದ ಗುಣಿಸುವುದು ರೂಢಿ. ಈ ಗುಣಕ ಎಲ್ಲ ಮಣ್ಣಿಗೂ ಒಂದೇ ಆಗಿರುವುದಿಲ್ಲ. ಹಾಗೆಂದು ಮಣ್ಣನ್ನು ಕುಲುಮೆಯಲ್ಲಿ ಪೂರ್ತಿ ಸುಟ್ಟು ಅಳೆಯುವ ಹೊಸ ಯಂತ್ರಗಳನ್ನು ನಂಬಿದರೆ ಬೇರೊಂದು ಬಗೆಯ ಮೋಸವಿದೆ. ನಮ್ಮ ಎರೆನೆಲದಲ್ಲಿ ಸುಣ್ಣದ ಹರಳು ಹೇರಳ. ಹುಳಿ ಆಮ್ಲದ ಒಂದು ಹನಿ ಬಿದ್ದರೆ ನೊರೆ ಉಕ್ಕುತ್ತದೆ. ಆ ಸುಣ್ಣದಲ್ಲೂ ಇಂಗಾಲವಿದೆ, ಆದರೆ ಅದು ಬೆಳೆಯಿಂದ ಬಂದದ್ದಲ್ಲ. ಅದನ್ನು ಬೇರ್ಪಡಿಸದೆ ಸುಟ್ಟರೆ ಕಲ್ಲಿನ ಇಂಗಾಲವೂ ಗೊಬ್ಬರದ ಲೆಕ್ಕಕ್ಕೆ ಸೇರಿಬಿಡುತ್ತದೆ.

ಹಾಗಾದರೆ ನಿಜವಾಗಿ ಹೊಲದಲ್ಲಿ ಇಂಗಾಲ ಎಷ್ಟು ವೇಗವಾಗಿ ಕೂಡೀತು? ಹೈದರಾಬಾದಿನ ಬಳಿ ಪಟಾಂಚೆರುವಿನಲ್ಲಿರುವ ಅಂತರರಾಷ್ಟ್ರೀಯ ಒಣಭೂಮಿ ಬೆಳೆಗಳ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ 1976ರಿಂದ ಎರೆಮಣ್ಣಿನಲ್ಲಿ ಪ್ರಯೋಗವೊಂದನ್ನು ನಡೆಸಿಕೊಂಡು ಬಂದಿತು. ಒಂದು ಕಡೆ ಮಳೆಗಾಲದಲ್ಲಿ ಭೂಮಿಯನ್ನು ಬೀಳುಬಿಟ್ಟು ಹಿಂಗಾರಿಯಲ್ಲಿ ಮಾತ್ರ ಬೆಳೆ ತೆಗೆಯುವ ಹಳೆಯ ಪದ್ಧತಿ. ಇನ್ನೊಂದು ಕಡೆ ಅಗಲ ಮಡಿಗಳನ್ನು ಮಾಡಿ, ಗೊಬ್ಬರ ಕೊಟ್ಟು, ಜೋಳ ಮತ್ತು ತೊಗರಿಯಂಥ ಬೆಳೆಗಳನ್ನು ಸೇರಿಸಿ ಬೆಳೆಯುವ ಸುಧಾರಿತ ಪದ್ಧತಿ. 24 ವರ್ಷಗಳ ಬಳಿಕ ನೋಡಿದಾಗ ಸುಧಾರಿತ ಭೂಮಿಯ ಇಳುವರಿ ನಾಲ್ಕೈದು ಪಟ್ಟು ಇತ್ತು. 120 ಸೆಂಟಿಮೀಟರ್ ಆಳದವರೆಗಿನ ಇಂಗಾಲ ಹೆಕ್ಟೇರಿಗೆ ಸುಮಾರು 7 ಟನ್ ಹೆಚ್ಚಿತ್ತು. ಎಕರೆಗೆ ವರ್ಷಕ್ಕೆ ಸುಮಾರು 120 ಕಿಲೊ ಎನ್ನಬಹುದು. ಸಣ್ಣ ಸಾಧನೆಯಲ್ಲ. ಆದರೆ ಇಷ್ಟೂ ಇಂಗಾಲ ಮೇಲಿನ ಒಂದಡಿಯಲ್ಲೇ ಸೇರಿತೆಂದು ಇಟ್ಟುಕೊಂಡರೂ ಐದು ವರ್ಷದಲ್ಲಿ ಆಗುವ ಏರಿಕೆ ಶೇಕಡಾ 0.04ರಷ್ಟು. 0.50 ಇದ್ದದ್ದು 0.54 ಆಗುತ್ತದೆ. ಒಂದೇ ಹೊಲದ ಬದುವಿನ ಬಳಿಯ ಮಣ್ಣಿಗೂ ನಡುವಿನ ಮಣ್ಣಿಗೂ ಇದಕ್ಕಿಂತ ಹೆಚ್ಚಿನ ವ್ಯತ್ಯಾಸ ಇರಬಲ್ಲದು. ಐದು ವರ್ಷದ ದುಡಿಮೆ ಅಳತೆಯ ತಪ್ಪಿನೊಳಗೇ ಅಡಗಿಹೋಗುವ ಅಪಾಯ ಇಲ್ಲಿದೆ. ಮಾದರಿಗಳ ಮೊರೆಹೋಗಲು ಇದೂ ಒಂದು ಕಾರಣ.

ಇಂಗ್ಲೆಂಡಿನ ಗೋದಿ ಹೊಲದಿಂದ ಬಂದ ಸಮೀಕರಣ

ಇಂದು ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಮಾದರಿಗಳಲ್ಲಿ ಎರಡು ಪ್ರಸಿದ್ಧವಾದವು. ಒಂದು, ಅಮೆರಿಕದ ಮಹಾಬಯಲಿನ ಹುಲ್ಲುಗಾವಲುಗಳಿಗಾಗಿ ವಿಲಿಯಂ ಪಾರ್ಟನ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ‘ಸೆಂಚುರಿ’. ಇನ್ನೊಂದು ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಸಂಶೋಧನಾ ಕೇಂದ್ರದ ಮಾದರಿ. ಎರಡನೆಯದರ ಕಥೆ ಸ್ವಾರಸ್ಯವಾಗಿದೆ. ಜಾನ್ ಬೆನೆಟ್ ಲಾಸ್ ಎಂಬ ಜಮೀನುದಾರ ತನ್ನ ರೊಥಾಮ್‌ಸ್ಟೆಡ್ ಎಸ್ಟೇಟಿನಲ್ಲಿ ರಸಾಯನವಿಜ್ಞಾನಿ ಗಿಲ್ಬರ್ಟನ ಜೊತೆ ಸೇರಿ 1843ರಲ್ಲಿ ಬ್ರಾಡ್‌ಬಾಕ್ ಎಂಬ ಹೊಲದಲ್ಲಿ ಗೋದಿಯ ಪ್ರಯೋಗ ಆರಂಭಿಸಿದ. ಒಂದು ಪಟ್ಟಿಗೆ ಕೊಟ್ಟಿಗೆ ಗೊಬ್ಬರ, ಇನ್ನೊಂದಕ್ಕೆ ರಾಸಾಯನಿಕ ಗೊಬ್ಬರ, ಮತ್ತೊಂದಕ್ಕೆ ಏನೂ ಇಲ್ಲ. ಆ ಪ್ರಯೋಗ ಇಂದಿಗೂ ನಿಂತಿಲ್ಲ. ಕಾಲಕಾಲಕ್ಕೆ ತೆಗೆದ ಮಣ್ಣನ್ನು ಅಲ್ಲಿ ಶೀಶೆಗಳಲ್ಲಿ ಕಾಪಿಟ್ಟಿದ್ದಾರೆ. ಈ ದಾಖಲೆಗಳನ್ನು ಮುಂದಿಟ್ಟುಕೊಂಡು ಡೇವಿಡ್ ಜೆಂಕಿನ್ಸನ್ ಮತ್ತು ರೇನರ್ 1977ರಲ್ಲಿ ತಮ್ಮ ಮಾದರಿಯ ಮೊದಲ ರೂಪವನ್ನು ಪ್ರಕಟಿಸಿದರು.

ಈಗಿರುವ ರೂಪದಲ್ಲಿ ಈ ಮಾದರಿಯು ಮಣ್ಣಿನ ಇಂಗಾಲವನ್ನು ಐದು ಗಡಿಗೆಗಳಾಗಿ ವಿಂಗಡಿಸುತ್ತದೆ. ಬೇಗ ಕೊಳೆಯುವ ಸಸ್ಯಭಾಗ, ನಿಧಾನ ಕೊಳೆಯುವ ಸಸ್ಯಭಾಗ, ಸೂಕ್ಷ್ಮಜೀವಿಗಳ ದೇಹ, ಹ್ಯೂಮಸ್, ಮತ್ತು ಎಂದೂ ಕೊಳೆಯದೆಂದು ಹಿಡಿದ ಜಡ ಇಂಗಾಲ. ಪ್ರತಿ ಗಡಿಗೆಗೂ ಒಂದು ತೂತು. ಒಂದೊಂದು ತೂತಿನ ಗಾತ್ರ ಒಂದೊಂದು ಬಗೆ. ಮೊದಲ ಗಡಿಗೆ ಕೆಲವು ತಿಂಗಳಲ್ಲಿ ಬರಿದಾದರೆ, ಹ್ಯೂಮಸ್ಸಿನ ಗಡಿಗೆ ರೊಥಾಮ್‌ಸ್ಟೆಡ್ಡಿನ ಹವೆಯಲ್ಲಿ ಅರ್ಧಕ್ಕಿಳಿಯಲು ಸುಮಾರು 35 ವರ್ಷ ಬೇಕು. ತಿಂಗಳ ಉಷ್ಣತೆ, ಮಳೆ, ಆವಿಯಾಗುವ ನೀರು, ಮಣ್ಣಿನ ಜೇಡಿಯ ಪ್ರಮಾಣ, ಹೊಲದ ಮೇಲೆ ಬೆಳೆ ಇದೆಯೋ ಇಲ್ಲವೋ ಎಂಬ ವಿವರ, ಇವಿಷ್ಟನ್ನು ಕೊಟ್ಟರೆ ಮಾದರಿಯು ತೂತನ್ನು ಹಿಗ್ಗಿಸುತ್ತದೆ ಅಥವಾ ಕುಗ್ಗಿಸುತ್ತದೆ.

ಈ ಹಿಗ್ಗಿಸುವ ಕುಗ್ಗಿಸುವ ಲೆಕ್ಕದಲ್ಲೇ ಒಣಭೂಮಿಯ ಸಂಕಟ ಅಡಗಿದೆ. ಮಾದರಿಯ ಪ್ರಕಾರ ರೊಥಾಮ್‌ಸ್ಟೆಡ್ಡಿನ ಸರಾಸರಿ ಉಷ್ಣತೆಯಾದ ಸುಮಾರು 9 ಡಿಗ್ರಿಯಲ್ಲಿ ಕೊಳೆಯುವ ವೇಗ 1 ಎಂದಾದರೆ, 30 ಡಿಗ್ರಿಯಲ್ಲಿ ಅದು ಸುಮಾರು ಐದು ಪಟ್ಟು. ಒಣಗಿದ ಮಣ್ಣಿನಲ್ಲಿ ವೇಗ ತಗ್ಗುತ್ತದೆ. ಆದರೆ ಮೂಲ ಮಾದರಿಯಲ್ಲಿ ಎಷ್ಟೇ ಒಣಗಿದರೂ ಅದು ಐದನೆಯ ಒಂದು ಭಾಗಕ್ಕಿಂತ ಕೆಳಗಿಳಿಯುವುದಿಲ್ಲ. ಈಗ ಮೇ ತಿಂಗಳ ನಮ್ಮ ಎರೆಹೊಲವನ್ನು ಈ ಲೆಕ್ಕಕ್ಕೆ ಹಚ್ಚಿ. ಬಿಸಿಲಿಗಾಗಿ ಐದು ಪಟ್ಟು, ಒಣಗಿದ್ದಕ್ಕಾಗಿ ಐದನೆಯ ಒಂದು. ಎರಡನ್ನೂ ಗುಣಿಸಿದರೆ ಮತ್ತೆ 1! ಅಂದರೆ ಬಾಯಿಬಿಟ್ಟು ಬಿರಿದ ನೆಲದಲ್ಲಿ, ಹನಿ ನೀರಿಲ್ಲದ ಬಿಸಿಲಿನಲ್ಲಿ, ಸೂಕ್ಷ್ಮಜೀವಿಗಳು ಇಂಗ್ಲೆಂಡಿನ ಹಸಿ ಹೊಲದಲ್ಲಿ ತಿನ್ನುವಷ್ಟೇ ಚುರುಕಾಗಿ ತಿನ್ನುತ್ತಿವೆ ಎಂದು ಮಾದರಿ ಹೇಳುತ್ತದೆ. ರೊಥಾಮ್‌ಸ್ಟೆಡ್ಡಿನಲ್ಲಿ ಮಣ್ಣು ತಿಂಗಳುಗಟ್ಟಲೆ ಹೀಗೆ ಒಣಗುವುದು ಅಪರೂಪವಾದ್ದರಿಂದ ಅಲ್ಲಿ ಈ ದೋಷ ಕಣ್ಣಿಗೆ ಬೀಳಲಿಲ್ಲ. ನಮ್ಮಲ್ಲಿ ವರ್ಷದ ಐದಾರು ತಿಂಗಳು ಹೀಗೆಯೇ. 2013ರಲ್ಲಿ ಇಟಲಿಯ ರೊಬೆರ್ತಾ ಫರೀನಾ ಅವರು ರೊಥಾಮ್‌ಸ್ಟೆಡ್ಡಿನ ವಿಜ್ಞಾನಿಗಳ ಜೊತೆಗೂಡಿ ಒಣಪ್ರದೇಶಗಳಿಗಾಗಿ ಈ ಭಾಗವನ್ನು ತಿದ್ದಿ ಪ್ರಕಟಿಸಿದರು. ಅದರಿಂದ ಅನುಕೂಲವಾಯಿತು, ನಿಜ. ಆದರೆ ಐದನೆಯ ಒಂದರ ಬದಲು ಹತ್ತನೆಯ ಒಂದು ಎಂದು ಹಿಡಿದರೆ ಬೇಸಿಗೆಯ ನಷ್ಟ ಅರ್ಧಕ್ಕಿಳಿಯುತ್ತದೆ ಎಂಬುದನ್ನು ಗಮನಿಸಿ. ಒಂದು ಚಿಕ್ಕ ಅಂಕಿ ಇಪ್ಪತ್ತು ವರ್ಷದ ಭವಿಷ್ಯವನ್ನು ತಿರುಗಿಸಬಲ್ಲದು.

ಮೊದಲ ಮಳೆಯ ಉಸಿರು

ಒಣಗಿದ ತಿಂಗಳುಗಳಿಗಿಂತ ಕಷ್ಟವಾದದ್ದು ಅವು ಮುಗಿಯುವ ದಿನ. ರೋಹಿಣಿ ಮಳೆಯ ಮೊದಲ ಹನಿ ಬಿದ್ದಾಗ ಮಣ್ಣಿನ ವಾಸನೆ ಏಳುವುದನ್ನು ಬಲ್ಲೆವು. ಆ ಗಳಿಗೆಯಲ್ಲಿ ಮಣ್ಣಿನೊಳಗೆ ದೊಡ್ಡ ಗದ್ದಲವೇ ಎದ್ದಿರುತ್ತದೆ. ಒಣಗಿ ಸತ್ತ ಜೀವಿಗಳ ದೇಹ, ಬಿರಿದ ಹೆಂಟೆಗಳಿಂದ ಹೊರಬಿದ್ದ ಸಾವಯವ ವಸ್ತು ಎಲ್ಲವೂ ಒಮ್ಮೆಗೇ ಬದುಕಿರುವ ಸೂಕ್ಷ್ಮಜೀವಿಗಳಿಗೆ ಊಟವಾಗುತ್ತವೆ. ಕೆಲವೇ ದಿನಗಳಲ್ಲಿ ಇಂಗಾಲದ ಡೈಆಕ್ಸೈಡ್ ಭರದಿಂದ ಹೊರಬೀಳುತ್ತದೆ. ಪೂರ್ವ ಆಫ್ರಿಕದ ಕೆನ್ಯಾದಲ್ಲಿ ಕೆಲಸ ಮಾಡುತ್ತಿದ್ದ ಬರ್ಚ್ ಎಂಬ ವಿಜ್ಞಾನಿ 1958ರಲ್ಲಿ ಇದನ್ನು ವಿವರವಾಗಿ ಬರೆದ. ಅದಕ್ಕೇ ಇದಕ್ಕೆ ಬರ್ಚ್ ಪರಿಣಾಮ ಎಂಬ ಹೆಸರು.

ತಿಂಗಳ ಲೆಕ್ಕದಲ್ಲಿ ಓಡುವ ಮಾದರಿಗೆ ಈ ಎರಡು ದಿನದ ಗದ್ದಲ ಕೇಳಿಸುವುದಿಲ್ಲ. ಜೂನಿನಲ್ಲಿ 80 ಮಿಲಿಮೀಟರ್ ಮಳೆ ಎಂದರೆ ಅದು ಒಂದೇ ರಾತ್ರಿ ಸುರಿಯಿತೋ, ನಾಲ್ಕು ಸಲ ಬಂದು ನಾಲ್ಕು ಸಲ ಒಣಗಿತೋ, ಮಾದರಿಗೆ ಎರಡೂ ಒಂದೇ. ಮಣ್ಣಿಗೆ ಒಂದೇ ಅಲ್ಲ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯಾಗುವ, ಅದೂ ಬಿಟ್ಟು ಬಿಟ್ಟು ಬರುವ ನಾಡಿನಲ್ಲಿ ಈ ಭೇದ ಸಣ್ಣದಾಗಿರಲಾರದು. ಒಂದೇ ರಾತ್ರಿಯ ಜಡಿಮಳೆಯಲ್ಲಿ ಮೇಲ್ಮಣ್ಣು ಕೊಚ್ಚಿಹೋದರೆ ಅದರ ಜೊತೆ ಇಂಗಾಲವೂ ಹೋಗುತ್ತದೆ. ಅದು ಗಾಳಿಗೆ ಸೇರಿಲ್ಲ, ಕೆಳಗಿನ ಹೊಲಕ್ಕೋ ಕೆರೆಗೋ ಸೇರಿದೆ. ಈ ಕೊಚ್ಚಣೆಯ ಲೆಕ್ಕವೂ ಮೂಲ ಮಾದರಿಯಲ್ಲಿಲ್ಲ.

ಹೊಲದ ಹಿಂದಿನ ಜನ್ಮ

ಗಡಿಗೆಗೆ ಎಷ್ಟು ಸುರಿದೆವು ಎಂಬುದು ತಿಳಿಯದೆ ಎಷ್ಟು ಸೋರಿತು ಎಂದು ಹೇಳಲಾಗದು. ಜೋಳ ಎಷ್ಟು ಚೀಲ ಬಂತೆಂಬುದು ರೈತನಿಗೆ ಗೊತ್ತು. ನೆಲದೊಳಗೆ ಎಷ್ಟು ಬೇರು ಉಳಿಯಿತೆಂಬುದನ್ನು ಯಾರೂ ತೂಗಿಲ್ಲ. ಇಳುವರಿಗೆ ಇಂತಿಷ್ಟು ಪಾಲು ಬೇರು ಎಂದು ಊಹಿಸಿ ಮಾದರಿಗೆ ಕೊಡುತ್ತಾರೆ. ಬರದ ವರ್ಷ ಕಾಳು ಕೈಕೊಟ್ಟರೂ ನೀರು ಹುಡುಕುತ್ತ ಬೇರು ಆಳಕ್ಕೆ ಇಳಿದಿರಬಹುದು. ಆಗ ಆ ಊಹೆ ಕೆಡುತ್ತದೆ. ತಿಪ್ಪೆ ಗೊಬ್ಬರದ ಗತಿಯೂ ಅಷ್ಟೆ. 1889ರಲ್ಲಿ ಭಾರತಕ್ಕೆ ಬಂದ ಇಂಗ್ಲಿಷ್ ಕೃಷಿ ರಸಾಯನಜ್ಞ ವೋಲ್ಕರ್ ತನ್ನ 1893ರ ವರದಿಯಲ್ಲಿ, ಸಗಣಿ ಹೊಲಕ್ಕೆ ಹೋಗದೆ ಒಲೆಗೆ ಹೋಗುತ್ತಿರುವುದು ರೈತನ ಅಜ್ಞಾನದಿಂದಲ್ಲ, ಉರುವಲಿನ ಕೊರತೆಯಿಂದ ಎಂದು ಗುರುತಿಸಿದ್ದ. ಕೊಟ್ಟಿಗೆಯಿಂದ ಹೊಲಕ್ಕೆ ಹೋದ ಗಾಡಿಗಳೆಷ್ಟು, ಒಲೆಗೆ ಹೋದ ಕುಳ್ಳುಗಳೆಷ್ಟು ಎಂಬ ಲೆಕ್ಕವನ್ನು ಯಾವ ಶಾನುಭೋಗರ ದಫ್ತರವೂ ಇಟ್ಟಿಲ್ಲ.

ಮಾದರಿಯನ್ನು ಓಡಿಸುವ ಮುನ್ನ ಐದು ಗಡಿಗೆಗಳಲ್ಲಿ ಇಂದು ಎಷ್ಟೆಷ್ಟು ಇದೆ ಎಂದು ಹೇಳಬೇಕು. ಇದನ್ನು ನೇರವಾಗಿ ಅಳೆಯುವುದು ಸುಲಭವಲ್ಲ. ಹಾಗಾಗಿ ಹೊಲ ಬಹುಕಾಲದಿಂದ ಒಂದೇ ಸ್ಥಿತಿಯಲ್ಲಿತ್ತು ಎಂದು ಭಾವಿಸಿ, ಹಿಂದಿನ ಸಾವಿರಾರು ವರ್ಷಗಳನ್ನು ಕಂಪ್ಯೂಟರಿನಲ್ಲಿ ಓಡಿಸಿ, ಇಂದಿನ ಅಳತೆಗೆ ಹೊಂದುವಂತೆ ಗಡಿಗೆಗಳನ್ನು ತುಂಬುತ್ತಾರೆ. ಆದರೆ ನಮ್ಮ ಹೊಲಗಳು ಹಾಗೆ ಒಂದೇ ಸ್ಥಿತಿಯಲ್ಲಿ ಕುಳಿತಿದ್ದವೇ? 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಲ್ಯಾಂಕಾಷೈರಿನ ಗಿರಣಿಗಳಿಗೆ ಹತ್ತಿ ನಿಂತಾಗ ಧಾರವಾಡ ಸೀಮೆಯಲ್ಲಿ ಹತ್ತಿಯ ಬೆಳೆ ಹಬ್ಬಿತು. 1876-78ರ ಬರದಲ್ಲಿ ಜನ, ದನ ಎರಡೂ ಹೋದವು. ಎಷ್ಟೋ ಹೊಲಗಳು ಬೀಳುಬಿದ್ದವು. ಇತ್ತೀಚಿನ ದಶಕಗಳಲ್ಲಿ ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂದು ರಂಟೆ ಕುಂಟೆಗಳ ಆಳವೇ ಬದಲಾಯಿತು. ಹ್ಯೂಮಸ್ಸಿನಂಥ ನಿಧಾನದ ಗಡಿಗೆ ಇವೆಲ್ಲವನ್ನೂ ನೆನಪಿಟ್ಟುಕೊಂಡಿರುತ್ತದೆ. ಇಂದು ಇಂಗಾಲ ಇಳಿಯುತ್ತಿರುವ ಹೊಲವನ್ನು ಸ್ಥಿರವಾಗಿದೆ ಎಂದು ಭಾವಿಸಿದರೆ, ಮುಂದೆ ಆಗುವ ಇಳಿಕೆಯ ಹೊಣೆ ಇಂದಿನ ರೈತನ ತಲೆಗೆ ಬರುತ್ತದೆ. ಏರುತ್ತಿರುವ ಹೊಲವಾದರೆ ಮಾಡದ ಕೆಲಸಕ್ಕೆ ಹಣ ಸಂದಾಯವಾಗುತ್ತದೆ.

ಹಾಗಾದರೆ ಮಾದರಿ ಬೇಡವೇ?

ಬೇಕು. ಅದು ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂಬ ವಿವೇಕವೂ ಜೊತೆಗೆ ಬೇಕು. ಒಂದು ಹೊಲದಲ್ಲಿ 2045ರಲ್ಲಿ ಎಷ್ಟು ಟನ್ ಇಂಗಾಲ ಇರುತ್ತದೆ ಎಂಬ ಪ್ರಶ್ನೆಗೆ ಮಾದರಿಯ ಒಂಟಿ ಅಂಕಿ ದುರ್ಬಲ ಉತ್ತರ. ಅದೇ ಹೊಲದಲ್ಲಿ ಕಣಿಕೆಯನ್ನು ಪೂರ್ತಿ ಒಯ್ದರೆ, ಅರ್ಧ ಬಿಟ್ಟರೆ, ವರ್ಷಕ್ಕೆ ನಾಲ್ಕು ಗಾಡಿ ಗೊಬ್ಬರ ಹಾಕಿದರೆ ಯಾವುದು ಲೇಸು ಎಂಬ ಪ್ರಶ್ನೆಗೆ ಅದರ ಉತ್ತರ ಹೆಚ್ಚು ಗಟ್ಟಿ. ತಪ್ಪು ತಕ್ಕಡಿಯಲ್ಲಿ ತೂಗಿದರೂ ಎರಡು ಚೀಲಗಳಲ್ಲಿ ಯಾವುದು ಭಾರ ಎಂಬುದು ಸಾಮಾನ್ಯವಾಗಿ ತಿಳಿಯುತ್ತದಲ್ಲ, ಹಾಗೆ.

ಇದಲ್ಲದೆ, ಅನಿಶ್ಚಿತತೆಯನ್ನೇ ಅಳೆಯುವ ಉಪಾಯಗಳಿವೆ. ಮಣ್ಣಿನ ತೂಕ, ಬೇರಿನ ಪಾಲು, ಒಣಗಿದಾಗಿನ ವೇಗ ಇವುಗಳಿಗೆ ಒಂದೊಂದೇ ಅಂಕಿ ಕೊಡುವ ಬದಲು, ಸಾಧ್ಯವಿರುವ ವ್ಯಾಪ್ತಿಯಿಂದ ಬೇರೆ ಬೇರೆ ಅಂಕಿಗಳನ್ನು ಆರಿಸಿ ಮಾದರಿಯನ್ನು ಸಾವಿರಾರು ಸಲ ಓಡಿಸುತ್ತಾರೆ. ಆಗ ಒಂದು ಉತ್ತರದ ಬದಲು ಉತ್ತರಗಳ ಹರವು ಸಿಗುತ್ತದೆ. ರೊಥಾಮ್‌ಸ್ಟೆಡ್, ಸೆಂಚುರಿ ಮೊದಲಾದ ಹಲವು ಮಾದರಿಗಳನ್ನು ಒಂದೇ ಹೊಲಕ್ಕೆ ಹಚ್ಚಿ ಹೋಲಿಸುವ ಪದ್ಧತಿಯೂ ಇದೆ. ‘ಎಕರೆಗೆ 100 ಕಿಲೊ’ ಎಂದು ಖಂಡಿತವಾಗಿ ಹೇಳುವವನಿಗಿಂತ, ‘20ರಿಂದ 180 ಕಿಲೊ ನಡುವೆ’ ಎನ್ನುವವನು ಹೆಚ್ಚು ಪ್ರಾಮಾಣಿಕ. ಕಾಗದದ ಮೇಲೆ ಮೊದಲನೆಯವನ ಮಾತು ಅಂದವಾಗಿ ಕಾಣುತ್ತದೆ, ಅಷ್ಟೆ.

ನಿಜವಾದ ಪ್ರಶ್ನೆ ಈ ಹರವಿನ ನಷ್ಟವನ್ನು ಯಾರು ಹೊರಬೇಕು ಎಂಬುದು. ಕೆಳಗಿನ ಅಂಕಿಗೆ ಹಣ ಕೊಟ್ಟರೆ ದುಡಿದ ರೈತನಿಗೆ ಅನ್ಯಾಯವಾಗಬಹುದು. ಮೇಲಿನ ಅಂಕಿಗೆ ಕೊಟ್ಟರೆ, ನೆಲದಲ್ಲಿ ಇಲ್ಲದ ಇಂಗಾಲವನ್ನು ತೋರಿಸಿ ಬೇರೆಲ್ಲೋ ಒಂದು ಕಾರ್ಖಾನೆ ಹೊಗೆ ಬಿಟ್ಟೀತು. ಕರಾರು ಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು ಒಣಭೂಮಿಯ ರೈತ ಕೇಳಬೇಕಾದ ಮಾತುಗಳಿವೆ: ನನ್ನ ಹೊಲದ ಮಣ್ಣನ್ನು ಎಷ್ಟು ಕಡೆ, ಎಷ್ಟು ಆಳಕ್ಕೆ ಅಗೆದು ನೋಡಿದಿರಿ? ಸುಣ್ಣವನ್ನು ಕಳೆದಿರಾ? ಬರ ಬಿದ್ದು ಇಂಗಾಲ ಇಳಿದರೆ ಕೊಟ್ಟ ಹಣ ಮರಳಿ ಕೇಳುವಿರಾ?

ಸೊಲ್ಲಾಪುರ, ವಿಜಯಪುರ, ರಾಯಚೂರು, ಹಗರಿಗಳಲ್ಲಿ ಒಣಬೇಸಾಯದ ಸಂಶೋಧನೆ 1930ರ ದಶಕದಷ್ಟು ಹಿಂದೆಯೇ ಮೊದಲಾಗಿತ್ತು. ಇಂಗ್ಲೆಂಡಿನ ಸಮೀಕರಣವನ್ನು ನಮ್ಮ ನೆಲಕ್ಕೆ ಹೊಂದಿಸಬೇಕಾದರೆ ನಮ್ಮ ನೆಲದ ದೀರ್ಘಕಾಲದ ದಾಖಲೆಯೇ ಬೇಕು. ಬ್ರಾಡ್‌ಬಾಕ್‌ನ ಹಿರಿಮೆ ಕಂಪ್ಯೂಟರಿನಿಂದ ಬಂದದ್ದಲ್ಲ, ನೂರೆಂಬತ್ತು ವರ್ಷ ತಪ್ಪದೆ ಬಿತ್ತಿ, ಕೊಯ್ದು, ಮಣ್ಣು ತೆಗೆದಿಟ್ಟದ್ದರಿಂದ ಬಂದದ್ದು. ಪ್ರತಿ ತಾಲ್ಲೂಕಿನ ಎರೆ, ಮಸಾರಿ ಎರಡರಲ್ಲೂ ಒಂದೊಂದು ತುಂಡು ಭೂಮಿಯನ್ನು ಹೀಗೆ ಕಾಯ್ದಿಟ್ಟು, ಐದು ವರ್ಷಕ್ಕೊಮ್ಮೆ ಒಂದೇ ಜಾಗದಲ್ಲಿ, ಒಂದೇ ಕಾಲದಲ್ಲಿ ಮಣ್ಣು ತೆಗೆದು ಶೀಶೆಯಲ್ಲಿಟ್ಟರೆ ಮುಂದಿನ ಪೀಳಿಗೆಯ ಲೆಕ್ಕಿಗರು ನಮ್ಮನ್ನು ನೆನೆದಾರು.

ಅಲ್ಲಿಯವರೆಗೆ ರೈತನಿಗೆ ಅನಿಶ್ಚಿತವಲ್ಲದ ಒಂದು ಸಂಗತಿಯಿದೆ. ಕೂಳೆ ಉಳಿಸಿ ಗೊಬ್ಬರ ಹಾಕಿದ ಹೊಲದ ಮಣ್ಣು ಮಳೆನೀರನ್ನು ಹೆಚ್ಚು ಕಾಲ ಹಿಡಿದುಕೊಳ್ಳುತ್ತದೆ. ಹಸ್ತ, ಚಿತ್ತಿ ಮಳೆಗಳು ಕೈಕೊಟ್ಟ ವರ್ಷ ಅಂಥ ಹೊಲದ ಜೋಳ ಪಕ್ಕದ ಹೊಲಕ್ಕಿಂತ ಹತ್ತು ದಿನ ತಡವಾಗಿ ಬಾಡಿದರೂ ಆ ಲಾಭ ಅವನದೇ. ಅದಕ್ಕೆ ಯಾವ ಮಾರುಕಟ್ಟೆಯ ಚೀಟಿಯೂ ಬೇಕಿಲ್ಲ.